ಗುಳಿಗೆ ಡಬ್ಬಿ ಎಲ್ಲಿಡಲಿ ಎಂಬ ಚಿಂತೆಯಿಂದಲೇ ಶುರುಮಾಡಿ: ಎಚ್‌ಐವಿ ಜೊತೆ ಬದುಕುವ ಮಹಿಳೆಯರಿಗೆ ಮನಸ್ಸಿನ ಆರೈಕೆಯ ಸಮಗ್ರ ಮಾರ್ಗದರ್ಶಿ

“ಟೆನ್ಶನ್ ತಗೋಬ್ಯಾಡ್ರಿ, ಆರಾಮ ಇರ್ರಿ.” ಎಚ್‌ಐವಿಗೆ ಔಷಧ ಕೊಡುವ ಎಆರ್‌ಟಿ ಕೇಂದ್ರದಿಂದ ಹೊರಬೀಳುವ ಹೆಂಗಸಿಗೆ ಎಲ್ಲರೂ ಹೇಳಿ ಕಳಿಸುವ ಮಾತು ಇದು. ಹೇಳಿದವರು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಆಕೆ ಮಾತ್ರ ಗುಳಿಗೆ ಡಬ್ಬಿ ಗಲಗಲ ಅನ್ನದಂತೆ ಬಟ್ಟೆ ಸುತ್ತಿ ಚೀಲದ ತಳಕ್ಕೆ ತುರುಕಿ, ಬಸ್ ನಿಲ್ದಾಣದಲ್ಲಿ ಊರಿನವರು ಯಾರಾದರೂ ಕಂಡುಬಿಟ್ಟರೆ ಯಾವ ಕಾರಣ ಹೇಳಲಿ ಎಂದು ಯೋಚಿಸುತ್ತ ಕೂರುತ್ತಾಳೆ.

ಬಾಗಲಕೋಟೆ, ಬೆಳಗಾವಿ, ವಿಜಯಪುರ ಭಾಗದ ಮಹಿಳಾ ಸಂಘಗಳ ನಡುವೆ ಓಡಾಡುವ ನನಗೆ ಅನ್ನಿಸಿರುವುದು ಇಷ್ಟು: ಔಷಧ ಸರಿಯಾಗಿ ನಡೆಯುತ್ತಿರುವ ಹೆಂಗಸರನ್ನು ವೈರಸ್ಸಿಗಿಂತ ಗುಟ್ಟೇ ಹೆಚ್ಚು ಕಾಡುತ್ತದೆ. ಆ ಗುಟ್ಟಿನ ಭಾರ ಸ್ವಲ್ಪವಾದರೂ ಇಳಿಯದೆ ಪ್ರಾಣಾಯಾಮ, ಧ್ಯಾನ, ಒಳ್ಳೆಯ ಯೋಚನೆ ಯಾವುದೂ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಹಾಗಾಗಿ ಉಸಿರಾಟದ ಅಭ್ಯಾಸ ಇಲ್ಲಿ ಐದನೆಯ ಹೆಜ್ಜೆಯಲ್ಲಿ ಬರುತ್ತದೆ, ಮೊದಲನೆಯದರಲ್ಲಿ ಅಲ್ಲ.

ಹೆಜ್ಜೆ 1: ಚಿಂತೆಯ ಗಂಟು ಬಿಚ್ಚಿ

“ಮನಸಿಗೆ ಸಮಾಧಾನನ ಇಲ್ರಿ” ಎಂಬ ಒಂದು ಮಾತಿನೊಳಗೆ ನಾಲ್ಕಾರು ಬೇರೆ ಬೇರೆ ಸಂಗತಿ ಸಿಕ್ಕಿಕೊಂಡಿರುತ್ತವೆ. ಎದೆ ಡವಡವ ಅನ್ನುವುದು ಯಾವಾಗ ಹೆಚ್ಚು? ಆಸ್ಪತ್ರೆಯ ತಾರೀಕು ಹತ್ತಿರ ಬಂದಾಗಲೋ, ಮನೆಗೆ ಬೀಗರು ಬಂದಾಗಲೋ, ಮಗಳ ಮದುವೆ ಮಾತು ಎದ್ದಾಗಲೋ, ನೆಗೆಣ್ಣಿ ಕಪಾಟು ತೆಗೆದಾಗಲೋ, ತಿಂಗಳ ಕೊನೆಗೆ ಕೈ ಖಾಲಿಯಾದಾಗಲೋ? ಒಂದೆರಡು ವಾರ ಗಮನಿಸಿ.

ಡೈರಿ ಬರೆಯಿರಿ ಎಂದು ಪುಸ್ತಕಗಳು ಹೇಳುತ್ತವೆ. ನಾನು ಹೇಳುವುದಿಲ್ಲ. ಕೂಡು ಕುಟುಂಬದಲ್ಲಿ ಬರೆದಿಟ್ಟದ್ದು ಯಾರ ಕೈಗಾದರೂ ಸಿಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಕಷ್ಟವಾದ ದಿನಕ್ಕೊಂದು ಚುಕ್ಕೆ ಇಡಿ, ನೋಡಿದವರು ಹಾಲಿನ ಲೆಕ್ಕ ಎಂದುಕೊಳ್ಳುತ್ತಾರೆ. ಚುಕ್ಕೆಗಳು ಯಾವ ದಿನಗಳ ಸುತ್ತ ಗುಂಪುಗೂಡಿವೆ ಎಂದು ನೋಡಿದರೆ ಯಾವ ಹೆಜ್ಜೆಯಿಂದ ಶುರು ಮಾಡಬೇಕು ಎಂಬುದು ನಿಮಗೇ ತಿಳಿಯುತ್ತದೆ.

ಒಂದು ಎಚ್ಚರ. ಸುಸ್ತು, ತಲೆ ಸುತ್ತು, ಎದೆ ಬಡಿತ ಎಲ್ಲವೂ ಟೆನ್ಶನ್ನಿನಿಂದಲೇ ಬರುವುದಿಲ್ಲ. ರಕ್ತ ಕಡಿಮೆ ಇದ್ದರೂ, ಥೈರಾಯ್ಡ್ ತೊಂದರೆ ಇದ್ದರೂ ಹೀಗೇ ಆಗುತ್ತದೆ. ಸಂಜೆ ಜ್ವರ, ಕೆಮ್ಮು, ರಾತ್ರಿ ಬೆವರು, ತೂಕ ಇಳಿಯುವುದು ಕಂಡರೆ ಟಿಬಿ ಇರಬಹುದು. ಇವನ್ನು ತಾರೀಕಿನವರೆಗೆ ಕಾಯಿಸದೆ ವೈದ್ಯರಿಗೆ ಹೇಳಿ.

ಹೆಜ್ಜೆ 2: “ನನ್ನಿಂದ ಅವರಿಗೆ ಬಂದ್ರ?” ಎಂಬ ಹೆದರಿಕೆ

ಮೊಮ್ಮಗುವಿಗೆ ಮುತ್ತು ಕೊಡಲು ಹಿಂಜರಿಯುವ ಅಜ್ಜಿಯರಿದ್ದಾರೆ. ತನ್ನ ತಾಟು, ಲೋಟ ತಾನೇ ಬೇರೆ ಇಟ್ಟುಕೊಂಡ ಸೊಸೆಯರಿದ್ದಾರೆ. ಯಾರೂ ಅವರಿಗೆ ಹಾಗೆ ಮಾಡೆಂದು ಹೇಳಿರುವುದಿಲ್ಲ, ಹೆದರಿಕೆಯೇ ಮಾಡಿಸಿರುತ್ತದೆ.

ಒಂದೇ ತಾಟಿನಲ್ಲಿ ಉಣ್ಣುವುದರಿಂದ, ಒಂದೇ ಹಾಸಿಗೆ, ಒಂದೇ ಬಚ್ಚಲು ಬಳಸುವುದರಿಂದ, ಸೊಳ್ಳೆಯಿಂದ, ಅಪ್ಪಿಕೊಳ್ಳುವುದರಿಂದ, ನೀವು ಬಡಿದ ರೊಟ್ಟಿ ತಿನ್ನುವುದರಿಂದ ಎಚ್‌ಐವಿ ಹರಡುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಮುಂದಿನ ಮಾತು. ಔಷಧ ದಿನವೂ ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದಲೂ ಅದು ಸಂಗಾತಿಗೆ ದಾಟುವುದಿಲ್ಲ. ಯುರೋಪಿನ 14 ದೇಶಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಬ್ಬರಿಗೆ ಎಚ್‌ಐವಿ ಇದ್ದು ಇನ್ನೊಬ್ಬರಿಗೆ ಇಲ್ಲದ 888 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 58 ಸಾವಿರ ಬಾರಿ ಕೂಡಿದ್ದರು. ಔಷಧದಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ದಾಟಿರಲಿಲ್ಲ. ಬೇರೆ ಲೈಂಗಿಕ ರೋಗಗಳ ತಡೆಗೆ ಕಾಂಡೋಮ್ ಬೇಕೇ ಬೇಕು. ಎದೆಹಾಲಿನ ವಿಷಯ ಬೇರೆ, ಅದನ್ನು ವೈದ್ಯರ ಜೊತೆ ಮಾತಾಡಿಯೇ ತೀರ್ಮಾನಿಸಬೇಕು.

ಗರ್ಭಿಣಿಯರ ಹೆದರಿಕೆಗೂ ಉತ್ತರ ಇದೆ. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಸರಿಯಾದ ಚಿಕಿತ್ಸೆ ಇದ್ದರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ.

ಆದ್ದರಿಂದ ನಿಮ್ಮ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಎಷ್ಟು ಎಂಬುದನ್ನು ಬಾಯಿಪಾಠ ಮಾಡಿಕೊಳ್ಳಿ. ಔಷಧ ಶುರುವಾದ 6ನೇ ತಿಂಗಳು, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು. ಬಹುತೇಕ ಹೆಂಗಸರು ರಕ್ತ ಕೊಟ್ಟು ಬರುತ್ತಾರೆ, ವರದಿ ಏನು ಬಂತು ಎಂದು ಕೇಳುವುದಿಲ್ಲ. ಕೇಳಿ. ಒಳ್ಳೆಯ ವರದಿಯಷ್ಟು ಚೆನ್ನಾಗಿ ನಿದ್ದೆ ಕೊಡುವ ಗುಳಿಗೆ ನನಗೆ ಗೊತ್ತಿಲ್ಲ.

ಹೆಜ್ಜೆ 3: ಗುಳಿಗೆಯ ದಿನಚರಿ

ಈಗ ಬಹಳ ಜನರಿಗೆ ಸಿಗುವುದು ಮೂರು ಔಷಧ ಸೇರಿದ ದಿನಕ್ಕೊಂದು ಗುಳಿಗೆ. ಭಾರತದಲ್ಲಿ ಉಚಿತ ಎಆರ್‌ಟಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಆಗಿನ ಗುಳಿಗೆಗಳ ತ್ರಾಸು ಕಂಡ ಹಿರಿಯ ಅಕ್ಕಂದಿರು ಹೇಳುವ ಹೆದರಿಕೆಯ ಕಥೆಗಳು ಇಂದಿನ ಗುಳಿಗೆಗೆ ಅಷ್ಟಾಗಿ ಹೊಂದುವುದಿಲ್ಲ.

ಎಲ್ಲಿಡುವುದು? ಪೂರ್ತಿ ಡಬ್ಬಿಯನ್ನು ಮನೆಯಲ್ಲಿ ಒಣ ಜಾಗದಲ್ಲಿ, ಬಿಸಿಲು ಒಲೆಗಳಿಂದ ದೂರ, ನಿಮ್ಮ ಬಟ್ಟೆಯ ಟ್ರಂಕಿನಂಥ ಕಡೆ ಇಡಿ. ಡಬ್ಬಿಯೊಳಗಿನ ಸಣ್ಣ ಪೊಟ್ಟಣ ತೇವ ಹೀರಲು ಇಟ್ಟದ್ದು, ಎಸೆಯಬೇಡಿ. ಕಬ್ಬು ಕಡಿಯಲು, ಜಾತ್ರೆಗೆ, ತವರಿಗೆ ಹೋಗುವಾಗ ಬೇಕಾದಷ್ಟು ದಿನದ ಗುಳಿಗೆಯನ್ನು ಮಾತ್ರ ಸಣ್ಣ ಗಟ್ಟಿ ಮುಚ್ಚಳದ ಡಬ್ಬಿಗೆ ಹಾಕಿಕೊಳ್ಳಿ, ಅಲುಗಾಡಿದಾಗ ಸದ್ದಾಗದಂತೆ ಮೇಲೊಂದು ಚೂರು ಹತ್ತಿ. ಡಬ್ಬಿಯ ಚೀಟಿ ಹರಿದರೆ ಹರಿಯಲಿ, ಆದರೆ ಕೇಂದ್ರದವರು ಕೊಟ್ಟ ಚಿಕಿತ್ಸೆಯ ಹಸಿರು ಪುಸ್ತಕ ಕಳೆಯಬಾರದು. ಸೀಸನ್ನಿಗೆ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋಗುವವರು ಮುಂಚೆಯೇ ಕೇಂದ್ರದಲ್ಲಿ ಹೇಳಿ. ಹೆಚ್ಚು ತಿಂಗಳ ಗುಳಿಗೆ ಕೊಡುವುದೋ, ಅಲ್ಲಿನ ಕೇಂದ್ರಕ್ಕೆ ಹೊಂದಿಸುವುದೋ ಅವರು ನೋಡುತ್ತಾರೆ. ಹೇಳದೆ ಹೋಗಿ, ಅಲ್ಲಿ ಗುಳಿಗೆ ಮುಗಿದು, ವಾಪಸ್ ಬಂದಾಗ ಬೈಯ್ತಾರೆ ಎಂದು ಕೇಂದ್ರದ ಮುಖ ನೋಡದವರೇ ಔಷಧ ಬಿಟ್ಟುಬಿಡುವುದು.

“ಇದೇನು ಗುಳಿಗಿ?” ಎಂದು ಕೇಳಿದರೆ? ಒಂದು ಉತ್ತರ ಮೊದಲೇ ಸಿದ್ಧವಿರಲಿ, ಅದು ದಿನಕ್ಕೊಂದು ಬದಲಾಗದಿರಲಿ. “ರಕ್ತದ್ದು ತ್ರಾಸ ಐತಿ, ದಿನಾ ತಗೋಬೇಕಂದಾರ” ಎಂದರೆ ಸುಳ್ಳೂ ಅಲ್ಲ, ಮಾತೂ ಬೆಳೆಯುವುದಿಲ್ಲ.

ಶ್ರಾವಣ ಸೋಮವಾರ, ಏಕಾದಶಿ, ಘಟ್ಟ ಹಾಕಿದ ನವರಾತ್ರಿಯಲ್ಲಿ ಉಪವಾಸ ಮಾಡುವವರು ಗುಳಿಗೆ ಬಿಡಬೇಕಿಲ್ಲ. ಈ ಗುಳಿಗೆಗೆ ಊಟ ಆಗಲೇಬೇಕೆಂದಿಲ್ಲ, ನೀರು ಸಾಕು. ರಂಜಾನ್ ತಿಂಗಳಲ್ಲಿ ಸಹರಿಗೋ ಇಫ್ತಾರಿಗೋ ಹೊಂದಿಸಿಕೊಳ್ಳಬಹುದು. ರಾತ್ರಿ ಗುಳಿಗೆ ತಗೊಂಡರೆ ನಿದ್ದೆ ಹತ್ತುತ್ತಿಲ್ಲವೆಂದರೆ ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಈ ಗುಳಿಗೆಯಲ್ಲಿರುವ ಡೊಲುಟೆಗ್ರಾವಿರ್ ಎಂಬ ಔಷಧ ಕೆಲವರ ನಿದ್ದೆ ಕೆಡಿಸುತ್ತದೆ, ಅದು ನಿಮ್ಮ ಮನಸ್ಸಿನ ದೋಷವಲ್ಲ. ಇನ್ನೊಂದು ಸಂಗತಿ ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆಗಳದ್ದು. ಅವನ್ನು ಖಾಲಿ ಹೊಟ್ಟೆಯಲ್ಲಿ ಇದರ ಜೊತೆ ನುಂಗಬೇಡಿ, ಊಟದ ಜೊತೆಯಾದರೆ ಎರಡೂ ಒಟ್ಟಿಗೆ ನಡೆಯುತ್ತದೆ. ಇಲ್ಲವಾದರೆ ಎಚ್‌ಐವಿ ಗುಳಿಗೆ ಎರಡು ತಾಸು ಮೊದಲು, ಅಥವಾ ಆರು ತಾಸು ಆದಮೇಲೆ. ಅಸಿಡಿಟಿ ಸಿರಪ್ಪಿಗೂ ಈ ತಾಸಿನ ಅಂತರ ಬೇಕು, ಊಟದ ಜೊತೆಯೂ ಒಟ್ಟಿಗೆ ಬೇಡ.

ಒಂದು ದಿನ ಮರೆತರೆ ನೆನಪಾದ ಕೂಡಲೇ ತಗೊಳ್ಳಿ. ಮರುದಿನ ಎರಡು ನುಂಗಬೇಡಿ. ಅದಕ್ಕಾಗಿ ರಾತ್ರಿಯಿಡೀ ಜೀವ ಸುಟ್ಟುಕೊಳ್ಳುವುದೂ ಬೇಡ.

ಹೆಜ್ಜೆ 4: ಯಾರಿಗೆ ಹೇಳುವುದು, ಯಾರಿಗೆ ಬೇಡ

ಎಲ್ಲರಿಗೂ ಹೇಳಿ ಹಗುರಾಗಿ ಎಂದು ನಗರದಲ್ಲಿ ಕೂತು ಹೇಳುವವರ ಮಾತು ಕೇಳಬೇಡಿ. ನಮ್ಮ ಊರುಗಳಲ್ಲಿ ಹೇಳಿದ ಮಾತು ಸಂಜೆಯೊಳಗೆ ಅಗಸಿ ಬಾಗಿಲು ದಾಟುತ್ತದೆ. ಹಾಗೆಂದು ಒಬ್ಬರಿಗೂ ಹೇಳದೆ ಇರುವುದೂ ಆಗದ ಮಾತು. ನನ್ನ ಅಭಿಪ್ರಾಯದಲ್ಲಿ ಮನೆಯಲ್ಲಿ ಒಬ್ಬರು, ಹೊರಗೆ ಒಬ್ಬರು ಸಾಕು. ಮನೆಯವರು ಜ್ವರ ಬಂದಾಗ ಗುಳಿಗೆ ತಂದುಕೊಡಬಲ್ಲವರಾಗಿರಲಿ, ಹೊರಗಿನವರು ಅತ್ತರೆ ಕೇಳಿಸಿಕೊಳ್ಳುವವರಾಗಿರಲಿ.

ಆರಿಸುವುದು ಹೇಗೆ? ಮೊದಲು ಸಣ್ಣದೊಂದು ಗುಟ್ಟು ಹೇಳಿ ನೋಡಿ, ಸಂಘದ ಸಾಲದ್ದೋ, ಹಳೆಯ ಜಗಳದ್ದೋ. ಒಂದು ತಿಂಗಳು ಕಾಯಿರಿ. ಅದು ಬೇರೆ ಬಾಯಿಂದ ನಿಮ್ಮ ಕಿವಿಗೆ ಬಂದರೆ ಆ ವ್ಯಕ್ತಿ ಬೇಡ. ಆಮೇಲೆ ಅವರ ಎದುರು ಎಚ್‌ಐವಿ ಮಾತು ತೆಗೆಯಿರಿ, “ಟೀವ್ಯಾಗ ತೋರಸಾಕತ್ತಿದ್ರು” ಎಂದು. “ಅಂಥಾವ್ರು ಊರಾಗ ಇರಬಾರ್ದು” ಎಂದರೋ, “ಪಾಪ, ಗುಳಿಗಿ ತಗೊಂಡ್ರ ಆರಾಮ ಇರ್ತಾರಂತ” ಎಂದರೋ ನೋಡಿ. ಹೇಳುವ ದಿನ ಹಬ್ಬ, ಜಗಳ, ಕುಡಿತದ ಹೊತ್ತು ಆಗಿರಬಾರದು. ಉದ್ದ ಕಥೆ ಬೇಡ. “ಅಕ್ಕಾ, ನನಗ ಎಚ್‌ಐವಿ ಐತಿ. ಗುಳಿಗಿ ತಗೋತೀನಿ, ಆರಾಮ ಅದೀನಿ. ನಿಮಗಷ್ಟ ಹೇಳಾಕತ್ತೀನಿ, ಯಾರಿಗೂ ಹೇಳಬ್ಯಾಡ್ರಿ.” ಇಷ್ಟು ಸಾಕು.

ಕಾನೂನು ನಿಮ್ಮ ಕಡೆ ಇದೆ. 2017ರ ಎಚ್‌ಐವಿ ಮತ್ತು ಏಡ್ಸ್ ನಿಯಂತ್ರಣ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ನಿಮ್ಮ ಒಪ್ಪಿಗೆ ಅಥವಾ ಕೋರ್ಟಿನ ಆದೇಶ ಇಲ್ಲದೆ ಸೋಂಕಿನ ವಿಷಯ ಹೇಳೆಂದು ಯಾರೂ ಒತ್ತಾಯಿಸುವಂತಿಲ್ಲ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ, ಆಸ್ಪತ್ರೆಯಲ್ಲಿ ಚಿಕಿತ್ಸೆ ನಿರಾಕರಿಸುವಂತಿಲ್ಲ, ಮಕ್ಕಳನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಗಂಡನಿಗೆ ಗೊತ್ತಾದರೆ ಹೊಡೆತ ಬೀಳುತ್ತದೆ, ಮನೆಯಿಂದ ಹೊರಹಾಕುತ್ತಾನೆ ಎಂಬ ಭಯಕ್ಕೆ ಆಧಾರ ಇದ್ದರೆ, ಆಸ್ಪತ್ರೆಯವರು ಆತನಿಗೆ ತಾವಾಗಿ ತಿಳಿಸಬಾರದು ಎಂದೂ ಕಾಯ್ದೆ ಹೇಳುತ್ತದೆ. ಆ ಭಯವನ್ನು ಆಪ್ತಸಮಾಲೋಚಕರಿಗೆ ಬಾಯಿಬಿಟ್ಟು ಹೇಳಿ. ಇತರರಿಗೆ ಸೋಂಕು ದಾಟದಂತೆ ಮುನ್ನೆಚ್ಚರಿಕೆ ವಹಿಸುವ ಹೊಣೆ ನಿಮ್ಮದೂ ಇದೆ. ಗುಳಿಗೆ ತಪ್ಪಿಸದಿರುವುದು, ಕಾಂಡೋಮ್ ಬಳಸುವುದು ಅದರಲ್ಲಿ ಮುಖ್ಯ.

ಊರಿನವರ ಕಣ್ಣು ತಪ್ಪಿಸಲು ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಹೋಗುವವರು ಬಹಳ. ತಪ್ಪೇನಿಲ್ಲ, ಆದರೆ ದೂರ ಹೆಚ್ಚಾದಂತೆ ತಾರೀಕು ತಪ್ಪುವುದೂ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಬೆಳಗಾವಿ, ಬಾಗಲಕೋಟೆಯ ವಾಯವ್ಯ ಸಾರಿಗೆಯಲ್ಲೂ ವಿಜಯಪುರದ ಕಲ್ಯಾಣ ಕರ್ನಾಟಕ ಸಾರಿಗೆಯಲ್ಲೂ ಇದು ನಡೆಯುತ್ತದೆ. ಮಿರಜ, ಸಾಂಗಲಿ, ಸೊಲ್ಲಾಪುರಕ್ಕೆ ಹೋಗುವ ಅಥಣಿ, ಇಂಡಿ ಕಡೆಯವರಿಗೆ ಗಡಿಯಾಚೆ ಈ ಸೌಲಭ್ಯ ಇಲ್ಲ.

ಹೆಜ್ಜೆ 5: ಎದೆ ಹೊಡೆದುಕೊಳ್ಳುವ ಆ ಹೊತ್ತಿಗೆ

ಈಗ ಉಸಿರು. ನೀರು ತರಲು ನಲ್ಲಿ ಹತ್ತಿರ ಹೋದಾಗ ಯಾರೋ ಪಿಸುಗುಟ್ಟಿದರು, ನಿಮ್ಮ ಬಗ್ಗೆಯೇ ಅನ್ನಿಸಿತು, ಕೈ ನಡುಗಿತು. ಆಗ ಮಾಡಬೇಕಾದದ್ದು ಇಷ್ಟೇ. ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುತ್ತ ಉಸಿರು ಒಳಗೆ, ತುಟಿ ಸಣ್ಣ ಮಾಡಿ ಆರು ಎಣಿಸುತ್ತ ಹೊರಗೆ. ಹೊರಬಿಡುವುದು ಉದ್ದ ಇರಬೇಕು, ಎದೆಬಡಿತ ಇಳಿಸುವುದು ಅದೇ. ಎರಡು ಮೂರು ನಿಮಿಷ ಮಾಡಿ. ತಲೆ ಸುತ್ತಿದರೆ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ. ಇದನ್ನು ಕಷ್ಟದ ಹೊತ್ತಿನಲ್ಲೇ ಮೊದಲ ಬಾರಿ ಮಾಡಹೋದರೆ ಆಗುವುದಿಲ್ಲ, ಆರಾಮಾಗಿರುವಾಗ ದಿನವೂ ರೂಢಿ ಮಾಡಿಟ್ಟುಕೊಳ್ಳಬೇಕು. ಕಣ್ಣು ಮುಚ್ಚಿ ಕೂರಲು ನಮ್ಮ ಮನೆಗಳಲ್ಲಿ ಪುರುಸೊತ್ತೂ ಇಲ್ಲ, ಜಾಗವೂ ಇಲ್ಲ. ರೊಟ್ಟಿ ಬಡಿಯುವಾಗ, ಮಗ್ಗದ ಮುಂದೆ, ಬಸ್ಸಿನ ಕಿಟಕಿ ಪಕ್ಕ ಎಲ್ಲಾದರೂ ಮಾಡಬಹುದು, ಪಕ್ಕದವರಿಗೆ ಗೊತ್ತಾಗುವುದಿಲ್ಲ.

ತಲೆಯಲ್ಲಿ ಒಂದೇ ಯೋಚನೆ ಗಾಣದಂತೆ ಸುತ್ತುತ್ತಿದ್ದರೆ ಉಸಿರಿಗಿಂತ ಕೈಕೆಲಸ ಮೇಲು. ರೊಟ್ಟಿಯ ಹಿಟ್ಟಿನ ಬಿಸಿ ಅಂಗೈಗೆ ಹೇಗೆ ತಾಗುತ್ತಿದೆ, ಒಲೆಯ ಹೊಗೆ ಯಾವ ಕಡೆ ಹೊರಳಿದೆ, ಹೊರಗೆ ಯಾವ ಹಕ್ಕಿ ಕೂಗಿತು ಎಂದು ಒಂದೊಂದಾಗಿ ಹೆಸರಿಸಿ. ಕುಬಸಕ್ಕೆ ಕಸೂತಿ ಹಾಕುವುದು, ಬೀಸುಕಲ್ಲಿನ ಹಾಡು ಹೇಳುವುದು, ಭಜನೆಗೆ ಹೋಗುವುದು ಯಾವುದು ನಿಮಗೆ ಬರುತ್ತದೋ ಅದು.

ಮಿಸ್ರಿ (ಹುರಿದ ತಂಬಾಕಿನ ಪುಡಿ), ತಂಬಾಕು, ಗುಟಕಾ ಬಗ್ಗೆ ಒಂದು ಮಾತು. ಬೆಳಗಾವಿ ಸೀಮೆಯಲ್ಲಿ ಟೆನ್ಶನ್ ಬಂತೆಂದರೆ ಹಲ್ಲಿಗೆ ಮಿಸ್ರಿ ತಿಕ್ಕುವ ಹೆಂಗಸರು ಕಡಿಮೆಯಿಲ್ಲ. ನಿಕೋಟಿನ್ ಎದೆಬಡಿತ ಹೆಚ್ಚಿಸುತ್ತದೆ, ನಿದ್ದೆ ಕೆಡಿಸುತ್ತದೆ. ಹಗುರ ಅನ್ನಿಸುವುದು ಅದರ ಚಟದ ತಹತಹ ತಣಿದದ್ದಕ್ಕೆ. ಒಮ್ಮೆಲೇ ಬಿಡಲಾಗದಿದ್ದರೆ ಮಲಗುವ ಮುಂಚಿನದನ್ನು ಮೊದಲು ಬಿಡಿ.

ಊಟ, ನಿದ್ದೆ, ನಡಿಗೆ ಬಗ್ಗೆ ನಿಮಗೆ ಗೊತ್ತಿರುವುದೇ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಸೊಪ್ಪು, ಮಜ್ಜಿಗೆ ಸಾಕು, ದುಬಾರಿ ಪೌಡರ್ ಡಬ್ಬಿ ಬೇಕಿಲ್ಲ. ಎಲ್ಲರದ್ದು ಮುಗಿದ ಮೇಲೆ ಉಳಿದದ್ದನ್ನು ಉಣ್ಣುವ ರೂಢಿ ಮಾತ್ರ ಬಿಡಿ.

ಹೆಜ್ಜೆ 6: ಸಿಟ್ಟು ಮತ್ತು “ನಾ ಏನ್ ಪಾಪ ಮಾಡಿದ್ದೆ”

ಗಂಡನಿಂದ ಸೋಂಕು ಬಂದವರಿಗೆ ಸಿಟ್ಟು ಇರುತ್ತದೆ. ಆತ ಸತ್ತಿದ್ದರೆ ಆ ಸಿಟ್ಟು ಯಾರ ಮೇಲೂ ಇಳಿಯುವುದಿಲ್ಲ, ಮಕ್ಕಳ ಮೇಲೋ ತನ್ನ ಮೇಲೋ ತಿರುಗುತ್ತದೆ. ಕೆಲವು ಮನೆಗಳಲ್ಲಿ ಮಗ ಸತ್ತದ್ದಕ್ಕೆ ಸೊಸೆಯನ್ನೇ ದೂರುತ್ತಾರೆ, ಬಸುರಿಯಾದಾಗ ಪರೀಕ್ಷೆ ಮೊದಲು ಆಕೆಗೆ ಆದದ್ದಷ್ಟೇ ಅದಕ್ಕೆ ಕಾರಣ. ಮೊದಲು ಗೊತ್ತಾದವರು ಮೊದಲು ಸೋಂಕು ತಂದವರಲ್ಲ. ದೇವದಾಸಿ ಪದ್ಧತಿಯ ಹಿನ್ನೆಲೆಯ ತಾಯಂದಿರು ಹೊರುವ ಮಾತುಗಳಂತೂ ಇನ್ನೂ ಬಿರುಸು. 1982ರಲ್ಲೇ ರಾಜ್ಯ ಕಾನೂನು ಮಾಡಿ ನಿಷೇಧಿಸಿದ ಪದ್ಧತಿಯ ಹೊಣೆಯನ್ನು ಅದಕ್ಕೆ ಬಲಿಯಾದವರ ತಲೆಗೇ ಕಟ್ಟುತ್ತಾರೆ.

ಕ್ಷಮಿಸಿಬಿಡಿ ಎಂದು ನಾನು ಹೇಳಲಾರೆ. ಸಿಟ್ಟನ್ನು ಸಿಟ್ಟೆಂದೇ ಹೇಳಿಕೊಳ್ಳಲು ಒಂದು ಜಾಗ ಬೇಕು. ಸೋಂಕಿತರದ್ದೇ ಸಂಘದ ಸಭೆಗೆ ಇದಕ್ಕಾಗಿಯೇ ಹೋಗಬೇಕು. ನಿಮ್ಮ ಜಿಲ್ಲೆಯಲ್ಲಿ ಎಲ್ಲಿ ಸೇರುತ್ತಾರೆ ಎಂದು ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕರು ಹೇಳುತ್ತಾರೆ. ಮೊದಲ ಸಭೆಯಲ್ಲಿ ಬಾಯಿ ಬಿಡಲೇಬೇಕೆಂದಿಲ್ಲ. ಸುಮ್ಮನೆ ಕೂತು, ಹತ್ತು ಹದಿನೈದು ವರ್ಷ ಗುಳಿಗೆ ತಗೊಂಡು ಮಕ್ಕಳ ಮದುವೆ ಮಾಡಿದ ಅಕ್ಕಂದಿರ ಮಾತು ಕೇಳಿ.

ಹೆಜ್ಜೆ 7: ಇದು ಬರೀ ಬೇಸರವಲ್ಲ ಎನ್ನುವಾಗ

ಎರಡು ವಾರಕ್ಕಿಂತ ಹೆಚ್ಚು, ಬಹುತೇಕ ಪ್ರತಿದಿನ ಮನಸ್ಸು ಕುಗ್ಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡವಾದರೆ, ನಿದ್ದೆ ಊಟ ಕೆಟ್ಟರೆ, ಗುಳಿಗೆ ತಗೊಂಡು ಏನಾಗಬೇಕಿದೆ ಅನ್ನಿಸಿದರೆ ಅದು ಖಿನ್ನತೆ ಇರಬಹುದು. ಖಿನ್ನತೆಗೆ ಚಿಕಿತ್ಸೆ ಇದೆ. ಗುಳಿಗೆ ತಪ್ಪಿಸಲು ಅದೂ ಒಂದು ದೊಡ್ಡ ಕಾರಣವಾದ್ದರಿಂದ ಎಆರ್‌ಟಿ ಕೇಂದ್ರದಲ್ಲೇ ಮೊದಲು ಹೇಳಿ. ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗಳಿಗೂ ಬರುತ್ತಾರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಕೂಡ ದೂರವಲ್ಲ. ಮನೋವೈದ್ಯರಿಗೆ ಎಆರ್‌ಟಿ ವಿಷಯ ಹೇಳಲೇಬೇಕು, ಔಷಧಗಳು ಒಂದಕ್ಕೊಂದು ಹೊಂದಬೇಕು. ಮೆಡಿಕಲ್ ಅಂಗಡಿಯಿಂದ ನಿದ್ದೆ ಗುಳಿಗೆ ತಂದು ನುಂಗಬೇಡಿ. “ಬೇರಿನಿಂದ ಕಿತ್ತು ಹಾಕ್ತೀನಿ, ಆ ಗುಳಿಗಿ ನಿಲ್ಲಸ್ರಿ” ಎನ್ನುವವನ ಬಾಗಿಲಿಗೆ ಹೋಗಬೇಡಿ.

ಎದ್ದು ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಎಚ್‌ಐವಿ ಕುರಿತ ಪ್ರಶ್ನೆಗಳಿಗೆ 1097. ಸಾಯಬೇಕು ಅನ್ನಿಸುತ್ತಿದ್ದರೆ ಒಬ್ಬರೇ ಇರಬೇಡಿ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲಿದ್ದರೆ ಅದನ್ನು ಬೇರೆಯವರ ಮನೆಗೆ ಕಳಿಸಿ, ನಂಬಿಕೆಯವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ, 14416 ಅಥವಾ 112ಕ್ಕೆ ಕರೆ ಮಾಡಿ.

ಹೆಜ್ಜೆ 8: ಮನೆ ಮತ್ತು ದುಡ್ಡು

ಧ್ಯಾನದಿಂದ ಬಾಡಿಗೆ ಕಟ್ಟಲಾಗುವುದಿಲ್ಲ. ಗಂಡ ತೀರಿದ ಮೇಲೆ ಅತ್ತೆಮನೆಯವರು ಹೊರಹಾಕಲು ನೋಡಿದರೆ, ಇರುವ ಮನೆಯಲ್ಲೇ ಇರುವ ಹಕ್ಕನ್ನು 2017ರ ಕಾಯ್ದೆ ಕೊಟ್ಟಿದೆ. ಹೊಡೆತ, ಬೆದರಿಕೆ ಇದ್ದರೆ ಮಹಿಳಾ ಸಹಾಯವಾಣಿ 181, ಅಥವಾ ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಜಿಲ್ಲಾ ಕೇಂದ್ರದ ಸಖಿ ಕೇಂದ್ರ. ವಕೀಲರ ಖರ್ಚಿಗೆ ಹೆದರಬೇಡಿ, ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ, ಫೋನ್ 15100. ವಿಧವಾ ವೇತನ, ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತಿದೆಯೇ ನೋಡಿ. ಇವೆರಡಕ್ಕೂ ಸೋಂಕಿನ ವಿಷಯ ಹೇಳಬೇಕಿಲ್ಲ. ಸೋಂಕಿತ ಮಹಿಳೆಯರ ಸ್ವಂತ ಉದ್ಯೋಗಕ್ಕೆ ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಇದೆ. ಅದಕ್ಕೆ ದಾಖಲೆ ಕೊಡಬೇಕಾಗುತ್ತದೆ, ಆದ್ದರಿಂದ ಊರಿನ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕುವ ಮೊದಲು ಆಪ್ತಸಮಾಲೋಚಕರನ್ನು ಕೇಳಿ, ಬೇಕಿದ್ದರೆ ತಾಲೂಕು ಕೇಂದ್ರಕ್ಕೆ ಹೋಗಿ.

ಮುಂದಿನ ತಾರೀಕಿಗೆ ಹೋದಾಗ

ಸಾಲಿನಲ್ಲಿ ನಿಂತು ಗುಳಿಗೆ ಎಣಿಸಿಕೊಂಡು ಓಡಿ ಬರುವುದನ್ನು ಈ ಸಲ ಬಿಡಿ. ಅರ್ಧ ತಾಸು ಹೆಚ್ಚು ಹಿಡಿದರೂ ಆಪ್ತಸಮಾಲೋಚಕರ ಮುಂದೆ ಕೂತು ಮೂರು ಮಾತು ಕೇಳಿ: ನನ್ನ ವೈರಲ್ ಲೋಡ್ ಎಷ್ಟು ಬಂದಿದೆ, ನನಗೆ ನಿದ್ದೆ ಅಥವಾ ಮನಸ್ಸು ಸರಿಯಿಲ್ಲ ಯಾರನ್ನು ಕಾಣಲಿ, ಗರ್ಭಕೋಶದ ಕೊರಳಿನ ಕ್ಯಾನ್ಸರ್ ತಪಾಸಣೆ ಯಾವಾಗ. ಮೂರನೆಯದು ನಾಚಿಕೆಯಿಂದ ತಪ್ಪಿಹೋಗುವ ಪ್ರಶ್ನೆ. ಸೋಂಕಿತ ಮಹಿಳೆಯರಿಗೆ ಆ ಕ್ಯಾನ್ಸರಿನ ಅಪಾಯ ಸುಮಾರು ಆರು ಪಟ್ಟು ಹೆಚ್ಚು, 25 ದಾಟಿದವರು ತಪಾಸಣೆ ಮಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎದುರಿಗೆ ಗಂಡಸು ಸಿಬ್ಬಂದಿ ಕೂತಿದ್ದು ಕೇಳಲು ಮುಜುಗರವಾದರೆ “ಸಿಸ್ಟರ್ ಜೋಡಿ ಮಾತಾಡಬೇಕ್ರಿ” ಎನ್ನಿ, ಕಾಯಲು ಹೇಳಿದರೆ ಕಾಯಿರಿ.